ಡಿಬಗರ್ ತೋರಿಸುವ ಫಂಕ್ಷನ್ ಹೆಸರನ್ನು ಎಷ್ಟು ನಂಬಬಹುದು?

ಓದುಗರ ಪ್ರಶ್ನೆ: ನಮ್ಮದು ಲಿನಕ್ಸ್‌ನಲ್ಲಿ ಓಡುವ ಸಿ++ ಸರ್ವಿಸ್. ಶುರುವಾದ ಮೇಲೆ ಡಿಎಲ್‌ಓಪನ್ (ಓಡುವಾಗಲೇ ಲೈಬ್ರರಿ ತರಿಸಿಕೊಳ್ಳುವ ಕರೆ) ಮೂಲಕ ನಾಲ್ಕು ಪ್ಲಗಿನ್‌ಗಳನ್ನು ಲೋಡ್ ಮಾಡಿಕೊಳ್ಳುತ್ತದೆ. ಸರ್ವರ್‌ನಲ್ಲಿ ಆಗಾಗ ಕ್ರ್ಯಾಶ್ ಆಗುತ್ತಿದೆ. ಕೋರ್ ಫೈಲನ್ನು (ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ನಕಲು) ನನ್ನ ಲ್ಯಾಪ್‌ಟಾಪಿಗೆ ತಂದು ಜಿಡಿಬಿ ಡಿಬಗರ್‌ನಲ್ಲಿ ತೆರೆದರೆ ಬ್ಯಾಕ್‌ಟ್ರೇಸಿನ (ಯಾರು ಯಾರನ್ನು ಕರೆದರು ಎಂಬ ಪಟ್ಟಿ) ಅರ್ಧ ಸಾಲುಗಳಲ್ಲಿ ಬರೀ ಎರಡು ಪ್ರಶ್ನೆಚಿಹ್ನೆ. ಉಳಿದರ್ಧದಲ್ಲಿ ನಾವು ಎಂದೂ ಕರೆಯದ ಫಂಕ್ಷನ್‌ಗಳ ಹೆಸರು. ಕೊನೆಯಲ್ಲಿ 'ಕರಪ್ಟ್ ಸ್ಟ್ಯಾಕ್?' ಎಂಬ ಸಂದೇಶ. ಬಿಲ್ಡ್ ಮಾಡುವಾಗ ಡಿಬಗ್ ಮಾಹಿತಿಗೆ -ಜಿ ಕೊಡುತ್ತೇವೆ, ಪ್ಯಾಕೇಜ್ ಮಾಡುವಾಗ ಸ್ಟ್ರಿಪ್ ಆಗುತ್ತದೆ, ಅಂದರೆ ಆ ಮಾಹಿತಿ ಕಿತ್ತುಹೋಗುತ್ತದೆ. ನಿಜಕ್ಕೂ ಸ್ಟ್ಯಾಕ್ ಹಾಳಾಗಿದೆಯೇ? ಪ್ಲಗಿನ್‌ನ ಫಂಕ್ಷನ್‌ಗೆ ಬ್ರೇಕ್‌ಪಾಯಿಂಟ್ ಇಡಲು ಹೋದರೂ 'ಡಿಫೈನ್ ಆಗಿಲ್ಲ' ಎನ್ನುತ್ತದೆ. ಎಲ್ಲವನ್ನೂ ಸ್ಟ್ಯಾಟಿಕ್ ಲಿಂಕ್ ಮಾಡಿಬಿಡೋಣ ಎಂದು ತಂಡದವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಸ್ಟ್ಯಾಕಿನ ಬಗ್ಗೆ. ಆದರೆ ನೀವು ಬರೆದ ಲಕ್ಷಣಗಳಲ್ಲಿ ಸ್ಟ್ಯಾಕ್ ಕೆಟ್ಟಿದೆ ಎನ್ನುವುದಕ್ಕೆ ಇನ್ನೂ ಸಾಕ್ಷಿ ಇಲ್ಲ. ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಂತಿವೆ. ಪ್ರಶ್ನೆಚಿಹ್ನೆ ಬರುವುದು ಬಹುತೇಕ ಸ್ಟ್ರಿಪ್ ಮಾಡಿದ್ದರಿಂದ. ಸಂಬಂಧವಿಲ್ಲದ ಹೆಸರು ಬರುವುದು ಬಹುತೇಕ ತಪ್ಪು ಫೈಲ್ ತೆರೆದದ್ದರಿಂದ. ಎರಡನೆಯದೇ ಹೆಚ್ಚು ಅಪಾಯಕಾರಿ. ಹೆಸರೇ ಇಲ್ಲದಿದ್ದರೆ ಹುಡುಕಲು ಹೊರಡುತ್ತೀರಿ, ತಪ್ಪು ಹೆಸರಿದ್ದರೆ ಅದನ್ನೇ ನಂಬಿ ದಿನಗಟ್ಟಲೆ ಬೇರೆ ಕೋಡ್ ಓದುತ್ತೀರಿ.

ಮೊದಲು ಡಿಬಗರ್ ಲೈಬ್ರರಿಗಳನ್ನು ಪತ್ತೆ ಹಚ್ಚುವ ಬಗೆ ನೋಡೋಣ. ಪ್ರೊಸೆಸ್‌ನಲ್ಲಾಗಲಿ ಕೋರ್ ಫೈಲಿನಲ್ಲಾಗಲಿ ಇರುವುದು ವಿಳಾಸಗಳು ಮಾತ್ರ. ಯಾವ ಲೈಬ್ರರಿ ಎಲ್ಲಿ ಕೂತಿದೆ ಎಂಬ ಲೆಕ್ಕ ಡೈನಮಿಕ್ ಲೋಡರ್ ಹತ್ತಿರ ಇರುತ್ತದೆ. ಮುಖ್ಯ ಪ್ರೋಗ್ರಾಮಿನ ಡೈನಮಿಕ್ ಸೆಕ್ಷನ್‌ನಲ್ಲಿ ಡಿಟಿ_ಡಿಬಗ್ ಎಂಬ ಒಂದು ನಮೂದು ಇದೆ. ಫೈಲಿನಲ್ಲಿ ಅದು ಖಾಲಿ. ಪ್ರೋಗ್ರಾಮ್ ಓಡತೊಡಗಿದಾಗ ಲೋಡರ್ ಅಲ್ಲಿಗೆ ಆರ್_ಡಿಬಗ್ ಎಂಬ ರಚನೆಯ ವಿಳಾಸ ಬರೆಯುತ್ತದೆ. ಆ ರಚನೆಯಿಂದ ಲಿಂಕ್_ಮ್ಯಾಪ್ ಎಂಬ ಸರಪಳಿ ಶುರು. ಪ್ರತಿ ಲೈಬ್ರರಿಗೆ ಒಂದು ಕೊಂಡಿ. ಆ ಕೊಂಡಿಯಲ್ಲಿ ನಮಗೆ ಬೇಕಾದದ್ದು ಎರಡು: ಎಲ್_ಅಡ್ರ್, ಅಂದರೆ ಫೈಲಿನಲ್ಲಿ ಬರೆದಿರುವ ವಿಳಾಸಕ್ಕೂ ಮೆಮೊರಿಯಲ್ಲಿನ ವಿಳಾಸಕ್ಕೂ ಇರುವ ವ್ಯತ್ಯಾಸ, ಮತ್ತು ಎಲ್_ನೇಮ್, ಅಂದರೆ ಫೈಲಿನ ದಾರಿ. ಡಿಎಲ್‌ಓಪನ್‌ನಿಂದ ಬಂದ ನಿಮ್ಮ ಪ್ಲಗಿನ್‌ಗಳೂ ಇದೇ ಸರಪಳಿಯಲ್ಲಿ ಸೇರುತ್ತವೆ. ಹಾಗಾಗಿ ಪ್ಲಗಿನ್‌ಗಳು ಡಿಬಗರ್‌ಗೆ ಕಾಣುವುದಿಲ್ಲ ಎಂಬ ಮಾತು ಸರಿಯಲ್ಲ. ಡಿಎಲ್‌ಎಂಓಪನ್ ಬಳಸಿ ಬೇರೆ ನೇಮ್‌ಸ್ಪೇಸ್‌ನಲ್ಲಿ (ಲೋಡರ್ ಪ್ರತ್ಯೇಕವಾಗಿ ಇಡುವ ಲೈಬ್ರರಿ ಗುಂಪು) ಲೋಡ್ ಮಾಡಿದರೆ ಮಾತ್ರ ಕಥೆ ಬೇರೆ. ಆ ನೇಮ್‌ಸ್ಪೇಸ್‌ಗಳನ್ನು ಡಿಬಗರ್‌ಗೆ ತೋರಿಸುವ ವಿಸ್ತರಿಸಿದ ಆರ್_ಡಿಬಗ್ ರಚನೆ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.35ರಲ್ಲಿ ಬಂತು.

ಈಗ ಗಮನಿಸಿ, ಸರಪಳಿಯಲ್ಲಿ ಸಿಂಬಲ್‌ಗಳು, ಅಂದರೆ ಫಂಕ್ಷನ್ ಮತ್ತು ವೇರಿಯಬಲ್‌ಗಳ ಹೆಸರುಗಳು ಇಲ್ಲ, ಇರುವುದು ಫೈಲಿನ ದಾರಿ ಮಾತ್ರ. ಕೋರ್ ಹುಟ್ಟಿದ್ದು ಸರ್ವರ್‌ನಲ್ಲಿ, ದಾರಿಯೂ ಸರ್ವರ್‌ನದ್ದೇ. ಜಿಡಿಬಿ ಅದೇ ದಾರಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತದೆ. ಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ಎಲ್ಲ ಯಂತ್ರದಲ್ಲೂ ಇರುತ್ತದೆ, ಅದೇ ಹೆಸರಲ್ಲಿ, ಎಷ್ಟೋ ಸಲ ಅದೇ ಡೈರೆಕ್ಟರಿಯಲ್ಲಿ. ಆವೃತ್ತಿ ಮಾತ್ರ ಬೇರೆ. ಫೈಲ್ ಸಿಕ್ಕಿತು ಎಂದು ಜಿಡಿಬಿ ತೆರೆಯುತ್ತದೆ, ಸರ್ವರ್‌ನ ವಿಳಾಸಗಳಿಗೆ ಲ್ಯಾಪ್‌ಟಾಪಿನ ಲೈಬ್ರರಿಯ ಹೆಸರುಗಳನ್ನು ಅಂಟಿಸುತ್ತದೆ. ನೀವು ಎಂದೂ ಕರೆಯದ ಫಂಕ್ಷನ್‌ಗಳು ಬರುವುದು ಇಲ್ಲಿಂದ.

ಹೆಸರು ಕೆಡುವುದರ ಜೊತೆಗೆ ಇನ್ನೂ ಒಂದು ಕೆಡುತ್ತದೆ. ಒಂದು ಫ್ರೇಮ್‌ನಿಂದ (ಸ್ಟ್ಯಾಕಿನಲ್ಲಿ ಒಂದು ಫಂಕ್ಷನ್ ಕರೆಯ ಪಾಲು) ಅದನ್ನು ಕರೆದವರ ಫ್ರೇಮ್‌ಗೆ ಹತ್ತಲು ಡಿಬಗರ್ ಇಎಚ್_ಫ್ರೇಮ್ ಸೆಕ್ಷನ್ ಓದುತ್ತದೆ: ಈ ವಿಳಾಸದಲ್ಲಿದ್ದಾಗ ರಿಟರ್ನ್ ವಿಳಾಸ ಸ್ಟ್ಯಾಕಿನ ಎಷ್ಟನೇ ಬೈಟ್‌ನಲ್ಲಿದೆ ಎಂದು ಹೇಳುವ ಕೋಷ್ಟಕ ಅದು. ತಪ್ಪು ಫೈಲಿನ ಕೋಷ್ಟಕ ತಪ್ಪು ಜಾಗ ತೋರಿಸುತ್ತದೆ. ಡಿಬಗರ್ ಅಲ್ಲಿದ್ದ ಯಾವುದೋ ಸಂಖ್ಯೆಯನ್ನು ರಿಟರ್ನ್ ವಿಳಾಸವೆಂದು ತಿಳಿದು ಮುಂದೆ ಹೋಗುತ್ತದೆ, ನಾಲ್ಕು ಹೆಜ್ಜೆ ಇಟ್ಟು ದಾರಿ ಕಾಣದೆ ನಿಲ್ಲುತ್ತದೆ. 'ಕರಪ್ಟ್ ಸ್ಟ್ಯಾಕ್?' ಸಂದೇಶದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದಕ್ಕೆ ಬೆಲೆ ಕೊಡಿ. ಮೇಲಕ್ಕೆ ಹತ್ತಲು ಆಗಲಿಲ್ಲ ಎಂದಷ್ಟೇ ಅದರರ್ಥ. ಫೈಲ್‌ಗಳು ಸರಿ ಇವೆ ಎಂದು ಖಚಿತವಾಗುವವರೆಗೆ ಸ್ಟ್ಯಾಕಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಮತ್ತೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಲೈಬ್ರರಿಯ ಕೋಡ್ ಭಾಗವನ್ನು ಕೋರ್ ಫೈಲಿಗೆ ಬರೆಯುವುದಿಲ್ಲ, ಅದು ಹೇಗೂ ಡಿಸ್ಕ್‌ನಲ್ಲಿ ಇದೆಯಲ್ಲ ಎಂಬ ಲೆಕ್ಕ. ಆದ್ದರಿಂದ ಜಿಡಿಬಿಯಲ್ಲಿ ಡಿಸ್‌ಅಸೆಂಬಲ್ ಮಾಡಿದಾಗ ಕಾಣುವ ಇನ್‌ಸ್ಟ್ರಕ್ಷನ್‌ಗಳೂ ನಿಮ್ಮ ಲ್ಯಾಪ್‌ಟಾಪಿನ ಫೈಲಿನವು. ಇದನ್ನೇ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಕ್ರ್ಯಾಶ್ ಆದ ಫ್ರೇಮ್ ಬಿಟ್ಟು ಮೇಲಿನ, ಅಂದರೆ ಕರೆದವರ, ಯಾವುದೇ ಫ್ರೇಮ್‌ನ ವಿಳಾಸ ಒಂದು ರಿಟರ್ನ್ ವಿಳಾಸ, ಅದರ ಹಿಂದಿನ ಇನ್‌ಸ್ಟ್ರಕ್ಷನ್ ಕಾಲ್ ಆಗಿರಲೇಬೇಕು. ಎಕ್ಸ್86-64ರಲ್ಲಿ ನೇರ ಕಾಲ್ 5 ಬೈಟ್, ಹಾಗಾಗಿ 5 ಬೈಟ್ ಹಿಂದೆ ಹೋಗಿ ನೋಡಿ. ಪಾಯಿಂಟರ್ ಮೂಲಕ ಕರೆದಿದ್ದರೆ ಉದ್ದ ಬೇರೆ ಇರುತ್ತದೆ. ಎರಡು ಮೂರು ಫ್ರೇಮ್‌ಗಳಲ್ಲಿ ಹೀಗೆ ನೋಡಿದರೂ ಕಾಲ್ ಸಿಗದಿದ್ದರೆ ಫೈಲ್ ಬೇರೆಯದು.

ಖಚಿತ ಪರೀಕ್ಷೆ ಬಿಲ್ಡ್ ಐಡಿ

ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಲಿಂಕರ್ ಪ್ರತಿ ಫೈಲಿಗೂ ಒಂದು ಗುರುತು ಹಾಕುತ್ತದೆ. ಅದೇ ಬಿಲ್ಡ್ ಐಡಿ. ಸಾಮಾನ್ಯವಾಗಿ 20 ಬೈಟ್, ಹೆಕ್ಸ್‌ನಲ್ಲಿ ಬರೆದರೆ 40 ಅಕ್ಷರ. ಸ್ಟ್ರಿಪ್ ಮಾಡಿದರೂ ಅದು ಅಳಿಯುವುದಿಲ್ಲ. ಕರ್ನಲ್‌ನ ಮೂಲ ಸೆಟ್ಟಿಂಗ್‌ನಲ್ಲಿ ಪ್ರತಿ ಲೈಬ್ರರಿಯ ಇಎಲ್‌ಎಫ್ (ಲಿನಕ್ಸ್‌ನ ಪ್ರೋಗ್ರಾಮ್ ಫೈಲ್ ಮಾದರಿ) ಹೆಡರ್ ಇರುವ ಮೊದಲ ಪುಟವೂ ಕೋರ್‌ಗೆ ಬರುತ್ತದೆ, ಬಿಲ್ಡ್ ಐಡಿ ಸಾಮಾನ್ಯವಾಗಿ ಅದೇ ಪುಟದಲ್ಲಿರುತ್ತದೆ. ಇದನ್ನು ನಿಯಂತ್ರಿಸುವುದು, ಕೋರ್‌ಗೆ ಏನೇನು ಹೋಗಬೇಕೆಂದು ಹೇಳುವ ಕೋರ್‌ಡಂಪ್_ಫಿಲ್ಟರ್ ಸೆಟ್ಟಿಂಗ್‌ನ 4ನೇ ಬಿಟ್ (ಸೊನ್ನೆಯಿಂದ ಎಣಿಸಿದರೆ). ಹೆಕ್ಸ್‌ನಲ್ಲಿ 33 ಎಂಬ ಮೂಲ ಬೆಲೆಯಲ್ಲಿ ಅದು ಆನ್ ಆಗಿಯೇ ಇದೆ. ಯಾರಾದರೂ ಜಾಗ ಉಳಿಸಲು ಬದಲಿಸಿದ್ದರೆ ಮೊದಲು ಅದನ್ನು ಸರಿಪಡಿಸಿ.

ಎಲ್ಫ್‌ಯುಟಿಲ್ಸ್ ಪ್ಯಾಕೇಜಿನ ಈ ಆಜ್ಞೆ ಕೋರ್ ಹೇಳುವ ಐಡಿಗಳನ್ನು ಸಾಲಾಗಿ ಕೊಡುತ್ತದೆ:

ಇಯು-ಅನ್‌ಸ್ಟ್ರಿಪ್ -ಎನ್ --ಕೋರ್=ಕೋರ್‌ಫೈಲ್

ನಿಮ್ಮಲ್ಲಿರುವ ಫೈಲಿನ ಐಡಿಗೆ:

ರೀಡ್‌ಎಲ್ಫ್ -ಎನ್ ಲೈಬ್ರರಿಫೈಲ್

ಎರಡೂ ಒಂದೇ ಇದ್ದರೆ ಮುಂದುವರಿಯಿರಿ. ಬೇರೆ ಇದ್ದರೆ ಆ ಲೈಬ್ರರಿಯ ಒಂದು ಹೆಸರನ್ನೂ ನಂಬಬೇಡಿ. 'ಅದೇ ಸೋರ್ಸ್, ಅದೇ ಆವೃತ್ತಿ, ಮತ್ತೆ ಬಿಲ್ಡ್ ಮಾಡಿದರೆ ಆಯಿತು' ಎಂಬ ದಾರಿ ಹಿಡಿಯಬೇಡಿ. ಕಂಪೈಲರ್‌ನ ಸಣ್ಣ ಆವೃತ್ತಿ ಬದಲಾದರೂ ಫಂಕ್ಷನ್‌ಗಳ ಜಾಗ ಬದಲಾಗಬಹುದು.

ಐಡಿ ಹೊಂದದಿದ್ದರೆ ಸರ್ವರ್‌ನಿಂದ ಲೈಬ್ರರಿಗಳನ್ನು ಅವುಗಳ ಪೂರ್ತಿ ದಾರಿಯ ಸಮೇತ ಒಂದು ಡೈರೆಕ್ಟರಿಗೆ ಇಳಿಸಿಕೊಳ್ಳಿ. ಮುಖ್ಯ ಪ್ರೋಗ್ರಾಮನ್ನೂ ಸರ್ವರ್‌ನದ್ದನ್ನೇ ತನ್ನಿ, ಅದು ತಪ್ಪಿದ್ದರೆ ಲೈಬ್ರರಿ ಸರಪಳಿಯ ತುದಿಯೇ ಸಿಗದೆ ಹೋಗಬಹುದು. ಡೈರೆಕ್ಟರಿಗೆ 'ಬೇರು' ಎಂದು ಹೆಸರಿಟ್ಟರೆ, ಕೋರ್ ತೆರೆಯುವ ಮೊದಲೇ ಜಿಡಿಬಿಗೆ ಹೇಳಿ:

ಸೆಟ್ ಸಿಸ್‌ರೂಟ್ /ಹೋಮ್/ನಾನು/ಬೇರು

ಇಲ್ಲಿ ಬಹಳ ಜನ ಎಡವುತ್ತಾರೆ. ಸೆಟ್ ಸೊಲಿಬ್-ಸರ್ಚ್-ಪಾತ್ ಒಂದನ್ನೇ ಕೊಟ್ಟು ಸಾಕೆಂದುಕೊಳ್ಳುತ್ತಾರೆ. ಸಿಸ್‌ರೂಟ್ ಮೂಲಕ ಫೈಲ್ ಸಿಗದಿದ್ದಾಗ ಮಾತ್ರ ಜಿಡಿಬಿ ಆ ಪಟ್ಟಿಯನ್ನು ನೋಡುತ್ತದೆ. ಲಿಬ್‌ಸಿ ಲ್ಯಾಪ್‌ಟಾಪಿನಲ್ಲಿ ಸಿಕ್ಕೇ ಸಿಗುತ್ತದೆ, ಹಾಗಾಗಿ ನಿಮ್ಮ ಪಟ್ಟಿಯನ್ನು ಅದು ಮುಟ್ಟುವುದೇ ಇಲ್ಲ. ಎಲ್ಲ ಫೈಲನ್ನೂ ಒಂದೇ ಡೈರೆಕ್ಟರಿಯಲ್ಲಿ ಸುರಿದುಕೊಂಡು ಸರ್ಚ್-ಪಾತ್ ಬಳಸುವುದಾದರೆ, ಸಿಸ್‌ರೂಟ್‌ಗೆ ಅಸ್ತಿತ್ವದಲ್ಲೇ ಇಲ್ಲದ ಒಂದು ಡೈರೆಕ್ಟರಿಯ ಹೆಸರು ಕೊಡಿ. ಆಗ ಲ್ಯಾಪ್‌ಟಾಪಿನ ಲೈಬ್ರರಿಗಳು ಒಳನುಸುಳುವುದು ನಿಲ್ಲುತ್ತದೆ.

ಓಡುತ್ತಿರುವ ಪ್ರೊಸೆಸ್‌ಗೆ ಅಂಟಿಕೊಳ್ಳುವಾಗಲೂ ಇದೇ ತೊಂದರೆ ಬರುತ್ತದೆ. ಪ್ರೊಸೆಸ್ ಓಡುತ್ತಿರುವಾಗಲೇ ಪ್ಲಗಿನ್ ಅಪ್‌ಗ್ರೇಡ್ ಆದರೆ, ಮೆಮೊರಿಯಲ್ಲಿ ಇರುವುದು ಹಳೆಯ ಫೈಲ್, ಡಿಸ್ಕ್‌ನಲ್ಲಿರುವುದು ಹೊಸದು. ಪ್ರೊಸೆಸ್‌ನ ಮ್ಯಾಪ್ಸ್ ಫೈಲಿನಲ್ಲಿ (ಮೆಮೊರಿಯಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ) ಆ ಪ್ಲಗಿನ್‌ನ ಸಾಲಿನ ಕೊನೆಗೆ 'ಡಿಲೀಟೆಡ್' ಎಂದು ಬಂದಿದ್ದರೆ ಜಿಡಿಬಿ ಕೊಡುವ ಹೆಸರುಗಳು ಹೊಸ ಫೈಲಿನವು ಎಂದು ತಿಳಿಯಿರಿ.

ಇನ್ನು ಪ್ರಶ್ನೆಚಿಹ್ನೆಗಳು

ಇಎಲ್‌ಎಫ್ ಫೈಲಿನಲ್ಲಿ ಎರಡು ಸಿಂಬಲ್ ಟೇಬಲ್ ಇರುತ್ತವೆ. ಒಂದು ಡೈನ್‌ಸಿಮ್, ಇನ್ನೊಂದು ಸಿಮ್‌ಟ್ಯಾಬ್. ಡೈನ್‌ಸಿಮ್‌ನಲ್ಲಿ ಇರುವುದು ಲೈಬ್ರರಿ ಹೊರಗೆ ಕೊಡುವ ಮತ್ತು ಹೊರಗಿನಿಂದ ಬೇಡುವ ಹೆಸರುಗಳು ಮಾತ್ರ. ಲೋಡರ್‌ಗೆ ಅದು ಬೇಕೇ ಬೇಕು, ಆದ್ದರಿಂದ ಸ್ಟ್ರಿಪ್ ಅದನ್ನು ಮುಟ್ಟುವುದಿಲ್ಲ. ಸಿಮ್‌ಟ್ಯಾಬ್‌ನಲ್ಲಿ ಸ್ಟ್ಯಾಟಿಕ್ ಫಂಕ್ಷನ್‌ಗಳು, ಹಿಡನ್ ವಿಸಿಬಿಲಿಟಿಯವು (ಲೈಬ್ರರಿಯ ಹೊರಗೆ ಕಾಣದಂತೆ ಗುರುತಿಸಿದವು) ಸೇರಿ ಎಲ್ಲವೂ ಇರುತ್ತವೆ. ಸ್ಟ್ರಿಪ್‌ನ ಕತ್ತರಿ ಬೀಳುವುದು ಇದರ ಮೇಲೆ. ಇವೆರಡರಿಂದ ಬೇರೆಯಾಗಿ ಡ್ವಾರ್ಫ್ ಮಾಹಿತಿ ಇದೆ: ಸಾಲಿನ ಸಂಖ್ಯೆ, ಟೈಪ್, ಲೋಕಲ್ ವೇರಿಯಬಲ್, ಇನ್‌ಲೈನ್ ಆದ (ಕರೆದ ಜಾಗದಲ್ಲೇ ಸೇರಿಹೋದ) ಫಂಕ್ಷನ್ ಎಲ್ಲ ಅಲ್ಲಿ. -ಜಿ ಸೇರಿಸುವುದು ಇದನ್ನು. ಅದೂ ಸ್ಟ್ರಿಪ್‌ನಲ್ಲಿ ಹೋಗುತ್ತದೆ.

ಪ್ಲಗಿನ್‌ಗಳಲ್ಲಿ ಹೊರಗೆ ಕಾಣುವ ಹೆಸರು ಸಾಮಾನ್ಯವಾಗಿ ಒಂದೆರಡು, ಉಳಿದ ಸಾವಿರಾರು ಫಂಕ್ಷನ್‌ಗಳು ಒಳಗಿನವು. ಸ್ಟ್ರಿಪ್ ಆದ ಮೇಲೆ ಅವುಗಳ ವಿಳಾಸಕ್ಕೆ ಹಚ್ಚಲು ಹೆಸರೇ ಇರುವುದಿಲ್ಲ. ಜಿಡಿಬಿ ಆ ವಿಳಾಸಕ್ಕಿಂತ ಹಿಂದಿರುವ ಹತ್ತಿರದ ಸಿಂಬಲ್ ನೋಡುತ್ತದೆ. ಆ ಸಿಂಬಲ್‌ಗೆ ಗಾತ್ರ ದಾಖಲಾಗಿದ್ದು, ವಿಳಾಸ ಆ ಗಾತ್ರದ ಆಚೆ ಇದ್ದರೆ ಹೆಸರು ಹಚ್ಚುವುದಿಲ್ಲ, ಪ್ರಶ್ನೆಚಿಹ್ನೆ ತೋರಿಸುತ್ತದೆ. ಕೈಯಲ್ಲಿ ಬರೆದ ಅಸೆಂಬ್ಲಿಯಲ್ಲಿ ಗಾತ್ರ ಸೊನ್ನೆ ಇರುವ ಸಿಂಬಲ್‌ಗಳು ಬರುತ್ತವೆ. ಅಲ್ಲಿ ಗಡಿ ಎಲ್ಲಿ ಎಂದು ಗೊತ್ತಾಗದೆ ಹಿಂದಿನ ಹೆಸರನ್ನೇ ಹಚ್ಚಿಬಿಡಬಹುದು. ಅನುಮಾನ ಬಂದರೆ ಇನ್ಫೋ ಸಿಂಬಲ್ ಎಂದು ಬರೆದು ವಿಳಾಸ ಕೊಡಿ. ಹೆಸರಿನ ಮುಂದೆ ಕೂಡಿಸಿದ ಸಂಖ್ಯೆ ಹತ್ತಾರು ಸಾವಿರ ಇದ್ದರೆ ಆ ಹೆಸರನ್ನು ಬಿಟ್ಟುಬಿಡಿ.

ಬ್ಯಾಕ್‌ಟ್ರೇಸಿನ ಸಾಲನ್ನು ಕೊನೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ. ಕೊನೆಯಲ್ಲಿ 'ಅಟ್' ಎಂದು ಸೋರ್ಸ್ ಫೈಲಿನ ಹೆಸರು, ಸಾಲಿನ ಸಂಖ್ಯೆ ಇದ್ದರೆ ಡ್ವಾರ್ಫ್ ಸಿಕ್ಕಿದೆ. 'ಫ್ರಮ್' ಎಂದು ಲೈಬ್ರರಿಯ ದಾರಿ ಇದ್ದರೆ ಬರೀ ಸಿಂಬಲ್ ಟೇಬಲ್‌ನಿಂದ ಬಂದ ಹೆಸರು. ಇನ್ಫೋ ಶೇರ್ಡ್‌ಲೈಬ್ರರಿ ಎಂಬ ಆಜ್ಞೆಯಲ್ಲೂ ಇದೇ ಕಾಣುತ್ತದೆ: 'ಯೆಸ್' ಪಕ್ಕ ನಕ್ಷತ್ರಚಿಹ್ನೆ ಇದ್ದರೆ ಫೈಲ್ ಓದಿದೆ ಆದರೆ ಡಿಬಗ್ ಮಾಹಿತಿ ಇಲ್ಲ, 'ನೋ' ಇದ್ದರೆ ಸಿಂಬಲ್ ಓದಲೇ ಇಲ್ಲ.

ಯಾವ ಲೈಬ್ರರಿಗೂ ಸೇರದ ವಿಳಾಸಕ್ಕೂ ಪ್ರಶ್ನೆಚಿಹ್ನೆಯೇ ಬರುತ್ತದೆ. ನಿಮ್ಮಂಥ ಪ್ಲಗಿನ್ ವ್ಯವಸ್ಥೆಯಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಡಿಎಲ್‌ಕ್ಲೋಸ್ ಮಾಡಿದ ಮೇಲೂ ಒಂದು ಥ್ರೆಡ್ ಅಥವಾ ಕಾಲ್‌ಬ್ಯಾಕ್ ಆ ಪ್ಲಗಿನ್‌ನ ಕೋಡಿಗೆ ಹೋದರೆ, ಹೋಗುವ ಜಾಗದಲ್ಲಿ ಈಗ ಏನೂ ಇಲ್ಲ. ಕ್ರ್ಯಾಶ್ ಆದ ವಿಳಾಸ ಯಾವ ಮ್ಯಾಪಿಂಗ್‌ನ ಒಳಗೂ ಇಲ್ಲದಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಪರೀಕ್ಷೆಗಾಗಿ ಡಿಎಲ್‌ಓಪನ್‌ಗೆ, ಡಿಎಲ್‌ಕ್ಲೋಸ್ ಆದರೂ ಲೈಬ್ರರಿಯನ್ನು ಮೆಮೊರಿಯಲ್ಲೇ ಉಳಿಸುವ ಆರ್‌ಟಿಎಲ್‌ಡಿ_ನೋಡಿಲೀಟ್ ಫ್ಲ್ಯಾಗ್ ಸೇರಿಸಿ ನೋಡಿ. ಕ್ರ್ಯಾಶ್ ನಿಂತರೆ, ಅಥವಾ ಅದೇ ಕ್ರ್ಯಾಶ್ ಈಗ ಹೆಸರಿನ ಸಮೇತ ಕಾಣಿಸಿಕೊಂಡರೆ, ಉತ್ತರ ಸಿಕ್ಕಂತೆ.

ಡಿಬಗರ್ ಇಲ್ಲದೆ ಬರೀ ಲಾಗ್‌ನಲ್ಲಿ ವಿಳಾಸ ಸಿಕ್ಕಾಗ ಕೈಲೆಕ್ಕ ಗೊತ್ತಿರಬೇಕು. ಹೆಕ್ಸ್‌ನ ಮೇಲಿನ ಅಂಕಿಗಳನ್ನು ಬಿಟ್ಟು ಕೊನೆಯ ಐದನ್ನು ಮಾತ್ರ ಬರೆಯುತ್ತೇನೆ. ಕ್ರ್ಯಾಶ್ ವಿಳಾಸ 24156. ಮ್ಯಾಪ್ಸ್‌ನಲ್ಲಿ ಪ್ಲಗಿನ್‌ನ ಕೋಡ್ ಸಾಲು 23000ದಿಂದ ಶುರು, ಅದರ ಫೈಲ್ ಆಫ್‌ಸೆಟ್ 3000. 24156ರಿಂದ 23000 ಕಳೆದರೆ 1156, ಅದಕ್ಕೆ 3000 ಕೂಡಿಸಿದರೆ 4156. ಇದನ್ನು ವಿಳಾಸದಿಂದ ಸೋರ್ಸ್ ಸಾಲು ಹೇಳುವ ಅಡ್ರ್2ಲೈನ್‌ಗೆ ಕೊಡಬೇಕು. ಆದರೆ ಒಂದು ಎಚ್ಚರಿಕೆ. 4156 ಎಂಬುದು ಫೈಲಿನೊಳಗಿನ ಜಾಗ, ಅಡ್ರ್2ಲೈನ್ ಕೇಳುವುದು ಲಿಂಕರ್ ಕೊಟ್ಟ ವಿಳಾಸ. ಎಷ್ಟೋ ಸಲ ಎರಡೂ ಒಂದೇ. ಎಲ್‌ಎಲ್‌ಡಿ ಲಿಂಕರ್ ಬಳಸಿದ್ದರೆ ಬೇರೆ ಇರುವುದು ಸಾಮಾನ್ಯ. ರೀಡ್‌ಎಲ್ಫ್ -ಎಲ್ ಕೊಟ್ಟು ಕೋಡ್ ಸೆಗ್ಮೆಂಟಿನ ಆಫ್‌ಸೆಟ್ ಮತ್ತು ವರ್ಚುವಲ್ ವಿಳಾಸ ನೋಡಿ, ವ್ಯತ್ಯಾಸವಿದ್ದರೆ ಅಷ್ಟನ್ನು ಸೇರಿಸಿ.

ಕ್ರ್ಯಾಶ್ ಆದ ಫ್ರೇಮ್ ಬಿಟ್ಟು ಮೇಲಿನವಕ್ಕೆ ಹೀಗೆ ಲೆಕ್ಕ ಹಾಕುವಾಗ 1 ಕಳೆಯಿರಿ. ರಿಟರ್ನ್ ವಿಳಾಸ ತೋರಿಸುವುದು ಕಾಲ್‌ನ ಮುಂದಿನ ಇನ್‌ಸ್ಟ್ರಕ್ಷನ್ ಅನ್ನು. ಫಂಕ್ಷನ್‌ನ ಕಟ್ಟಕಡೆಯ ಕೆಲಸ ಅಬಾರ್ಟ್ ಕರೆಯುವುದಾಗಿದ್ದರೆ, ಮುಂದಿನ ಇನ್‌ಸ್ಟ್ರಕ್ಷನ್ ಬೇರೆ ಫಂಕ್ಷನ್‌ಗೇ ಸೇರಿರಬಹುದು. ಜಿಡಿಬಿ ಇದನ್ನು ತಾನೇ ಮಾಡಿಕೊಳ್ಳುತ್ತದೆ, ಅಡ್ರ್2ಲೈನ್ ಮಾಡುವುದಿಲ್ಲ.

ಫೈಲ್ ಸರಿ ಇದ್ದೂ ಹೆಸರು ವಿಚಿತ್ರವಾಗಿ ಕಾಣುವ ಸಂದರ್ಭಗಳೂ ಇವೆ. ಐಸಿಎಫ್ ಎಂಬ ಲಿಂಕರ್ ಆಯ್ಕೆ ಆನ್ ಆಗಿದ್ದರೆ ಅದು ಒಂದೇ ಥರದ ಫಂಕ್ಷನ್‌ಗಳನ್ನು ಒಂದಾಗಿಸುತ್ತದೆ, ಹಲವು ಹೆಸರುಗಳಲ್ಲಿ ಒಂದು ಕಾಣುತ್ತದೆ. ಟೇಲ್ ಕಾಲ್ (ಫಂಕ್ಷನ್‌ನ ಕೊನೆಯ ಕರೆ ಬರೀ ಜಿಗಿತವಾಗುವುದು) ಆದರೆ ನಡುವಿನ ಫ್ರೇಮ್ ಮಾಯ. ಮೆಮ್‌ಕಾಪಿ ಕರೆದ ಕಡೆ ಮೆಮ್‌ಮೂವ್_ಎವಿಎಕ್ಸ್ ಎಂಬಂಥ ಹೆಸರು ಬಂದರೆ ಗಾಬರಿ ಬೇಡ: ಲೋಡರ್ ಸಿಪಿಯುಗೆ ತಕ್ಕ ರೂಪವನ್ನು ಆರಿಸಿಕೊಂಡಿದೆ, ಅಷ್ಟೇ.

ಇನ್ನೊಂದು ತಪ್ಪು ಕಲ್ಪನೆ, ಡಿಬಗರ್ ಹೆಸರು ಹುಡುಕುವ ಕ್ರಮವೂ ಲೋಡರ್‌ನ ಕ್ರಮವೂ ಒಂದೇ ಎಂಬುದು. ಅಲ್ಲ. ನೀವು ಪ್ರಿಂಟ್ ಎಂದು ಒಂದು ಹೆಸರು ಕೊಟ್ಟಾಗ ಜಿಡಿಬಿ ಈಗ ನಿಂತಿರುವ ಬ್ಲಾಕ್‌ನಿಂದ ಹೊರಕ್ಕೆ ಹುಡುಕುತ್ತಾ ಹೋಗುತ್ತದೆ. ಎರಡು ಪ್ಲಗಿನ್‌ಗಳಲ್ಲಿ ಒಂದೇ ಹೆಸರಿನ ಗ್ಲೋಬಲ್ ಇದ್ದರೆ ನೀವು ನೋಡುವುದು ಒಂದು, ಪ್ರೋಗ್ರಾಮ್ ಬಳಸುವುದು ಇನ್ನೊಂದು ಆಗಿರಬಹುದು. ಇನ್ಫೋ ಅಡ್ರೆಸ್ ಕೊಟ್ಟು ವಿಳಾಸ ನೋಡಿ, ಅದು ಯಾವ ಲೈಬ್ರರಿಯ ವ್ಯಾಪ್ತಿಗೆ ಬೀಳುತ್ತದೆ ಎಂದು ತಾಳೆ ಹಾಕಿ.

ಬ್ರೇಕ್‌ಪಾಯಿಂಟ್ ವಿಷಯ ಸುಲಭ. ಪ್ಲಗಿನ್ ಇನ್ನೂ ಲೋಡ್ ಆಗಿಲ್ಲದಿದ್ದರೆ ಹೆಸರು ಗೊತ್ತಿರುವುದಿಲ್ಲ. ಸೆಟ್ ಬ್ರೇಕ್‌ಪಾಯಿಂಟ್ ಪೆಂಡಿಂಗ್ ಆನ್ ಎಂದು ಕೊಟ್ಟು ಬ್ರೇಕ್‌ಪಾಯಿಂಟ್ ಇಡಿ. ಸರಪಳಿ ಬದಲಾದಾಗ ಲೋಡರ್ ಕರೆಯುವ ಒಂದು ಗೊತ್ತಾದ ಜಾಗದಲ್ಲಿ ಜಿಡಿಬಿ ತನ್ನದೇ ಗುಪ್ತ ಬ್ರೇಕ್‌ಪಾಯಿಂಟ್ ಇಟ್ಟುಕೊಂಡಿರುತ್ತದೆ. ಹೊಸ ಲೈಬ್ರರಿ ಸೇರಿದೊಡನೆ, ಅದರ ಕನ್‌ಸ್ಟ್ರಕ್ಟರ್‌ಗಳು ಓಡುವ ಮೊದಲೇ, ಕಾಯುತ್ತಿದ್ದ ಬ್ರೇಕ್‌ಪಾಯಿಂಟ್‌ಗಳನ್ನು ಜಾಗಕ್ಕೆ ಕೂರಿಸುತ್ತದೆ. ಲೋಡ್ ಆದ ಮೇಲೂ ಪೆಂಡಿಂಗ್ ಆಗಿಯೇ ಉಳಿದರೆ ಫಂಕ್ಷನ್ ಒಳಗಿನದು, ಸ್ಟ್ರಿಪ್‌ನಲ್ಲಿ ಹೆಸರು ಹೋಗಿದೆ, ಅಥವಾ ಇನ್‌ಲೈನ್ ಆಗಿದೆ.

ಮುಂದಕ್ಕೆ ಏನು ಮಾಡಬಹುದು

ನನ್ನ ಶಿಫಾರಸು ಡಿಬಗ್ ಮಾಹಿತಿಯನ್ನು ಬೇರ್ಪಡಿಸಿ ಇಟ್ಟುಕೊಳ್ಳುವುದು. ಪ್ಯಾಕೇಜ್ ಮಾಡುವ ಹಂತದಲ್ಲಿ ಮೂರು ಆಜ್ಞೆಗಳು, ಇದೇ ಕ್ರಮದಲ್ಲಿ:

ಆಬ್ಜ್‌ಕಾಪಿ --ಓನ್ಲಿ-ಕೀಪ್-ಡಿಬಗ್ ಪ್ಲಗಿನ್.ಎಸ್‌ಓ ಪ್ಲಗಿನ್.ಡಿಬಗ್
ಸ್ಟ್ರಿಪ್ --ಸ್ಟ್ರಿಪ್-ಅನ್‌ನೀಡೆಡ್ ಪ್ಲಗಿನ್.ಎಸ್‌ಓ
ಆಬ್ಜ್‌ಕಾಪಿ --ಆ್ಯಡ್-ಜಿಎನ್‌ಯು-ಡಿಬಗ್‌ಲಿಂಕ್=ಪ್ಲಗಿನ್.ಡಿಬಗ್ ಪ್ಲಗಿನ್.ಎಸ್‌ಓ

ಡಿಬಗ್ ಫೈಲನ್ನು ಬಿಲ್ಡ್ ಐಡಿ ಪ್ರಕಾರ ಇಡಿ: /ಯುಎಸ್‌ಆರ್/ಲಿಬ್/ಡಿಬಗ್/.ಬಿಲ್ಡ್-ಐಡಿ ಡೈರೆಕ್ಟರಿಯೊಳಗೆ ಐಡಿಯ ಮೊದಲ 2 ಅಕ್ಷರದ ಡೈರೆಕ್ಟರಿ, ಅದರೊಳಗೆ ಉಳಿದ 38 ಅಕ್ಷರವೇ ಫೈಲ್ ಹೆಸರು, ಕೊನೆಗೆ .ಡಿಬಗ್. ಹಾಗಿದ್ದರೆ ಜಿಡಿಬಿ ತಾನೇ ಹುಡುಕಿಕೊಳ್ಳುತ್ತದೆ. ಡಿಬಗ್‌ಲಿಂಕ್ ಎಂಬುದು ಫೈಲ್ ಹೆಸರು ಮತ್ತು 4 ಬೈಟಿನ ಸಿಆರ್‌ಸಿ (ಫೈಲ್ ತಾಳೆ ನೋಡುವ ಸಂಖ್ಯೆ) ಮಾತ್ರ. ಅದು ಎರಡನೇ ಆಸರೆ. ಈ ದಾರಿಯ ಅಪಾಯ ಒಂದೇ: ಬಿಲ್ಡ್ ಆದ ಕ್ಷಣದಲ್ಲೇ ಎತ್ತಿಡದಿದ್ದರೆ ಆಮೇಲೆ ಸಿಗುವುದಿಲ್ಲ. ಹೊರಗೆ ಹೋದ ಪ್ರತಿ ಬಿಲ್ಡ್‌ನ ಡಿಬಗ್ ಫೈಲನ್ನೂ, ಆ ಬಿಲ್ಡ್ ಎಲ್ಲಾದರೂ ಓಡುತ್ತಿರುವವರೆಗೆ ಉಳಿಸಿಕೊಳ್ಳಿ.

ಬಿಲ್ಡ್‌ಗಳು ಹೆಚ್ಚಾದರೆ ಡಿಬಗ್‌ಇನ್ಫೋಡಿ ಸರ್ವರ್ ನಡೆಸಿ. ಜಿಡಿಬಿ 10ರಿಂದ ಇದಕ್ಕೆ ಬೆಂಬಲವಿದೆ. ಡಿಬಗ್‌ಇನ್ಫೋಡಿ_ಯುಆರ್‌ಎಲ್‌ಎಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸರ್ವರ್ ವಿಳಾಸ ಕೊಟ್ಟರೆ ಐಡಿ ಹಿಡಿದು ಫೈಲ್ ತರಿಸಿಕೊಳ್ಳುತ್ತದೆ. ಸರ್ವರ್‌ನ ಮೂಲ ಪೋರ್ಟ್ 8002. ಅದು ಸೋರ್ಸ್ ಫೈಲನ್ನೂ ಕೊಡಬಲ್ಲದು. ಹಾಗಾಗಿ ಒಳ ನೆಟ್‌ವರ್ಕ್‌ನ ಹೊರಗೆ ತೆರೆದಿಡಬೇಡಿ.

ಸ್ಟ್ರಿಪ್ ಮಾಡದೆಯೇ ಕಳಿಸಿದರೆ? -ಜಿ ಹಾಕಿದರೆ ಪ್ರೋಗ್ರಾಮ್ ನಿಧಾನವಾಗುತ್ತದೆ ಎಂಬ ಭಯ ಬೇಡ. -ಓ2 (ವೇಗ ಹೆಚ್ಚಿಸುವ ಆಯ್ಕೆ) ಜೊತೆ -ಜಿ ಕೊಟ್ಟರೆ ಕಂಪೈಲರ್ ಅದೇ ಕೋಡ್ ಉತ್ಪಾದಿಸಬೇಕು, ಡಿಬಗ್ ಸೆಕ್ಷನ್‌ಗಳು ಓಡುವಾಗ ಮೆಮೊರಿಗೆ ಬರುವುದೂ ಇಲ್ಲ. ಡಿಸ್ಕ್ ಗಾತ್ರ ಮಾತ್ರ ಹಲವು ಪಟ್ಟು ಬೆಳೆಯುತ್ತದೆ, ಒಳಗಿನ ಹೆಸರುಗಳೂ ಬಿಲ್ಡ್ ಯಂತ್ರದ ದಾರಿಗಳೂ ಹೊರಗೆ ಹೋಗುತ್ತವೆ. ನಡುವಿನ ದಾರಿ ಬೇಕೆಂದರೆ ಸ್ಟ್ರಿಪ್ --ಸ್ಟ್ರಿಪ್-ಡಿಬಗ್ ಬಳಸಿ: ಡ್ವಾರ್ಫ್ ಹೋಗುತ್ತದೆ, ಸಿಮ್‌ಟ್ಯಾಬ್ ಉಳಿಯುತ್ತದೆ. ಸಾಲಿನ ಸಂಖ್ಯೆ ಇರದಿದ್ದರೂ ಹೆಸರುಗಳು ಬರುತ್ತವೆ. ಹೆಸರು ಕಾಣಲಿ ಎಂದು ಎಲ್ಲ ಫಂಕ್ಷನ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡುವುದು ಮಾತ್ರ ಬೇಡವೇ ಬೇಡ. ಎರಡು ಪ್ಲಗಿನ್‌ಗಳ ಹೆಸರು ಡಿಕ್ಕಿ ಹೊಡೆದು ಒಂದರ ಕರೆ ಇನ್ನೊಂದಕ್ಕೆ ಹೋಗಬಹುದು, ಆಗ ಹೊಸ ಕ್ರ್ಯಾಶ್ ತಂದುಕೊಂಡಂತೆ.

ಸ್ಟ್ಯಾಟಿಕ್ ಲಿಂಕ್ ಈ ತೊಂದರೆಗೆ ಮದ್ದಲ್ಲ. ಸ್ಟ್ರಿಪ್ ಮಾಡಿದ ಸ್ಟ್ಯಾಟಿಕ್ ಪ್ರೋಗ್ರಾಮಿನಲ್ಲಿ ಡೈನ್‌ಸಿಮ್ ಕೂಡ ಇರುವುದಿಲ್ಲ, ಈಗ ಸಿಗುತ್ತಿರುವ ಅರ್ಧ ಹೆಸರುಗಳೂ ಹೋಗುತ್ತವೆ. ಜಿಲಿಬ್‌ಸಿಯನ್ನು ಪೂರ್ತಿ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ ಪ್ರೋಗ್ರಾಮಿನಲ್ಲಿ ಡಿಎಲ್‌ಓಪನ್ ನೆಚ್ಚಿಕೊಳ್ಳುವಂಥದ್ದೂ ಅಲ್ಲ, ನಿಮ್ಮ ಪ್ಲಗಿನ್ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ.

ಈಗ ಕೈಯಲ್ಲಿರುವ ಕೋರ್‌ನಿಂದಲೇ ಶುರುಮಾಡಿ. ಇಯು-ಅನ್‌ಸ್ಟ್ರಿಪ್ ಪಟ್ಟಿ ತೆಗೆದು ಮುಖ್ಯ ಪ್ರೋಗ್ರಾಮ್, ಲಿಬ್‌ಸಿ, ನಾಲ್ಕು ಪ್ಲಗಿನ್, ಈ ಆರರ ಐಡಿ ತಾಳೆ ಹಾಕಿ. ಸಿಸ್‌ರೂಟ್ ಕೊಟ್ಟು ಮತ್ತೆ ಬ್ಯಾಕ್‌ಟ್ರೇಸ್ ತೆಗೆಯಿರಿ. ಆರೂ ಹೊಂದಿದ ಮೇಲೂ ಟ್ರೇಸ್ ಅರ್ಧಕ್ಕೆ ನಿಂತರೆ, ಮತ್ತು ನಿಂತ ಫ್ರೇಮ್‌ನ ವಿಳಾಸ ಯಾವ ಮ್ಯಾಪಿಂಗ್‌ಗೂ ಸೇರದಿದ್ದರೆ, ಆಗ ಡಿಎಲ್‌ಕ್ಲೋಸ್ ಅನುಮಾನವನ್ನೂ ಸ್ಟ್ಯಾಕ್ ಹಾಳಾದ ಅನುಮಾನವನ್ನೂ ಕೈಗೆತ್ತಿಕೊಳ್ಳಿ, ಅದೇ ಕ್ರಮದಲ್ಲಿ.